ದಂಡಂ ದಶಗುಣಂ: ನಾಯಿಗೂ ಅನ್ವಯವೇ?

ಸಂಜೆ ಆರು ಗಂಟೆ. ಕಚೇರಿಯಿಂದ ಮನೆಗೆ ಬಂದ ಯಜಮಾನರ ಕಣ್ಣಿಗೆ ಮೊದಲು ಬೀಳುವುದು ಚಿಂದಿಯಾದ ಹೊಸ ಚಪ್ಪಲಿ. ಅಜ್ಜಿ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಾಗ ನಡೆದ ಕೃತ್ಯವಿದು. ಐದು ತಿಂಗಳ ನಾಯಿಮರಿ ಕಿವಿ ಇಳಿಬಿಟ್ಟು, ಬಾಲವನ್ನು ಕಾಲ ನಡುವೆ ಸೇರಿಸಿ ಮೂಲೆ ಹಿಡಿದಿದೆ. ‘ನೋಡು, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎಂದು ಅಪ್ಪ ಪತ್ರಿಕೆಯನ್ನು ಸುರುಳಿ ಸುತ್ತುತ್ತಾರೆ. ‘ಹೊಡೀಬೇಡಿ ಅಪ್ಪಾ’ ಎಂದು ಮಗಳು ಅಡ್ಡ ಬರುತ್ತಾಳೆ. ‘ಹೊಡೀದೆ ಬುದ್ಧಿ ಬರುತ್ತೇನೇ ಮಗು?’ ಎಂದು ಅಜ್ಜಿ ಒಳಗಿನಿಂದ ಕೇಳುತ್ತಾರೆ.

ನಾಯಿ ಸಾಕಿದ ಎಷ್ಟೋ ಮನೆಗಳಲ್ಲಿ ನಡೆಯುವ ವಾದವಿದು. ಇದನ್ನು ಬಿಡಿಸಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಆ ಏಟಿನಿಂದ ನಾಯಿ ಕಲಿಯುವುದಾದರೂ ಏನು?

ಹೊತ್ತು ಮೀರಿದ ಏಟು

ಒಂದು ಕೆಲಸ ಮಾಡಿದ ಕೂಡಲೇ ಹಿತವಾದರೆ ಪ್ರಾಣಿ ಆ ಕೆಲಸವನ್ನು ಮತ್ತೆ ಮಾಡುತ್ತದೆ. ಹಿತವಾಗದಿದ್ದರೆ ನಿಧಾನವಾಗಿ ಕೈಬಿಡುತ್ತದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿ ಕಂಡುಕೊಂಡ ಸಂಗತಿಯಿದು. ಇಲ್ಲಿ ಮುಖ್ಯವಾದ ಮಾತು ‘ಕೂಡಲೇ’ ಎಂಬುದು. ಚಪ್ಪಲಿ ಕಡಿದದ್ದು ಮಧ್ಯಾಹ್ನ, ಏಟು ಬಿದ್ದದ್ದು ಸಂಜೆ. ಇವೆರಡನ್ನೂ ಜೋಡಿಸಿಕೊಳ್ಳಲು ನಾಯಿಗೆ ಆಗದು. ಅದರ ಲೆಕ್ಕದಲ್ಲಿ ಏಟು ಬಿದ್ದದ್ದು ಯಜಮಾನರು ಮನೆಗೆ ಬಂದದ್ದಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ!

ಹಾಗಾದರೆ ಆ ತಪ್ಪಿತಸ್ಥ ಮುಖ? ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೆ ಆರಿಸಿದ್ದು 14 ಸಾಕುನಾಯಿಗಳನ್ನು. ತಿಂಡಿಯನ್ನು ಮುಟ್ಟಬೇಡ ಎಂದು ನಾಯಿಗೆ ಹೇಳಿ ಯಜಮಾನರು ಕೋಣೆಯಿಂದ ಹೊರಹೋಗಬೇಕು. ಮರಳಿದಾಗ ‘ನಾಯಿ ತಿಂದಿದೆ’ ಎಂದು ತಿಳಿಸಿದರೆ ಗದರಿಸಬೇಕು. ಕೆಲವು ಸಲ ನಾಯಿ ತಿನ್ನದೇ ಇದ್ದರೂ ತಿಂದಿದೆಯೆಂದೇ ಅವರಿಗೆ ಹೇಳಲಾಯಿತು. ನಾಯಿಗಳ ಅಪರಾಧಿ ಮುಖಕ್ಕೂ ಅವು ಮಾಡಿದ ತಪ್ಪಿಗೂ ಸಂಬಂಧವೇ ಕಾಣಲಿಲ್ಲ. ಸಂಬಂಧ ಕಂಡದ್ದು ಗದರಿಕೆಯೊಂದಿಗೆ. ನಾವು ಪಶ್ಚಾತ್ತಾಪವೆಂದು ಓದುವುದು ಭಯದ ಮುಖವನ್ನು.

ತೋಳದಿಂದ ಬಂದ ತಪ್ಪು

ಬೆತ್ತದ ಪರ ವಾದಿಸುವವರೂ ಕಡಿಮೆಯಿಲ್ಲ. ಜರ್ಮನಿಯಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸಿದ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿಯಲ್ಲಿ ಬಲವಂತಕ್ಕೆ ದೊಡ್ಡ ಸ್ಥಾನವಿತ್ತು. ಮುಂದೆ ಇದಕ್ಕೆ ತೋಳಗಳ ಕಥೆಯೂ ಸೇರಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿದ ರುಡಾಲ್ಫ್ ಶೆಂಕೆಲ್, ಅವು ಮೇಲುಗೈಗಾಗಿ ಕಾದಾಡುತ್ತವೆ ಎಂದು 1947ರಲ್ಲಿ ಬರೆದರು. ನಾಯಿ ತೋಳದ ವಂಶದ್ದು, ಆದ್ದರಿಂದ ಯಜಮಾನ ಗುಂಪಿನ ನಾಯಕನಂತೆ ಅದನ್ನು ನೆಲಕ್ಕೆ ಒತ್ತಿ ಅಡಗಿಸಬೇಕು ಎಂಬ ವಾದ ಹುಟ್ಟಿದ್ದು ಹೀಗೆ.

ಆದರೆ ಅವು ಬೋನಿನಲ್ಲಿ ಕೂಡಿಹಾಕಿದ ತೋಳಗಳು. ಈ ಕಲ್ಪನೆಯನ್ನು 1970ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ಡೇವಿಡ್ ಮೆಕ್, ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ತಾವೇ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪೆಂದರೆ ಸಾಮಾನ್ಯವಾಗಿ ಒಂದು ಕುಟುಂಬ. ಅಲ್ಲಿ ನಾಯಕರು ಬೇರೆ ಯಾರೂ ಅಲ್ಲ, ಮರಿಗಳ ತಂದೆ ತಾಯಿಯೇ!

ಪೋರ್ಚುಗಲ್‌ನ ಸಂಶೋಧಕರು 2020ರಲ್ಲಿ 92 ನಾಯಿಗಳ ಅಧ್ಯಯನವನ್ನು ಪ್ರಕಟಿಸಿದರು. ಗದರಿಕೆ, ಸರಪಳಿಯ ಜಗ್ಗಾಟಗಳಿಂದ ಪಳಗಿಸುವ ಶಾಲೆಯ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಾಗಿದ್ದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕೂಡ ಏರಿತ್ತು. ತಿಂಡಿ, ಮೆಚ್ಚುಗೆಗಳಿಂದ ಕಲಿತ ನಾಯಿಗಳಲ್ಲಿ ಈ ಏರಿಕೆ ಕಾಣಲಿಲ್ಲ.

ಗುರ್ರೆನ್ನುವುದು ಎಚ್ಚರಿಕೆ

ಹೊಡೆತ ಕೆಲಸ ಮಾಡುವುದೇ ಇಲ್ಲವೆಂದಲ್ಲ. ಆ ಕ್ಷಣಕ್ಕೆ ನಾಯಿ ಸುಮ್ಮನಾಗುತ್ತದೆ. ಮೋಸವಿರುವುದೇ ಅಲ್ಲಿ. ಊಟದ ತಟ್ಟೆಗೆ ಕೈ ಹಾಕಿದ ಮಗುವಿನ ಮೇಲೆ ನಾಯಿ ಗುರ್ರೆಂದಿತು, ಏಟು ಬಿತ್ತು. ಹೀಗೆ ನಾಲ್ಕು ಸಲ ಆದರೆ ಅದು ಗುರ್ರೆನ್ನುವುದನ್ನು ಬಿಡಬಹುದು. ಒಳಗಿನ ಭಯ ಮಾತ್ರ ಉಳಿಯುತ್ತದೆ. ಮುಂದಿನ ಸಲ ಮುನ್ಸೂಚನೆಯೇ ಇಲ್ಲದೆ ಕಚ್ಚೀತು. ಆಮೇಲೆ ಆ ನಾಯಿಗೆ ಬೀದಿಯೇ ಗತಿ, ಮಗುವಿಗೆ ಆಸ್ಪತ್ರೆ.

ಆದ್ದರಿಂದ ತಿನ್ನುವ, ಮಲಗಿರುವ ನಾಯಿಯ ತಂಟೆಗೆ ಹೋಗಬಾರದೆಂದು ಮಕ್ಕಳಿಗೇ ಮೊದಲು ಕಲಿಸಬೇಕು. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಕಿವಿಯಲ್ಲೋ ಹಲ್ಲಿನಲ್ಲೋ ನೋವಿರಬಹುದು, ಪಶುವೈದ್ಯರಿಗೆ ತೋರಿಸಬೇಕು. ಕಚ್ಚಿದ್ದು ಮನೆಯ ನಾಯಿಯೇ ಆದರೂ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು. ರೇಬಿಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ.

ಹೊಡೆಯದೆ ತಿದ್ದುವ ಬಗೆ

ಹೊಡೆಯಬಾರದು ಎಂದರೆ ಶಿಸ್ತೇ ಬೇಡವೆಂದಲ್ಲ. ಮುದ್ದು ಮಾಡಿ ಬಿಟ್ಟುಬಿಟ್ಟರೆ ನಾಯಿ ತಾನಾಗಿ ಏನನ್ನೂ ಕಲಿಯದು. ಮರಿಗಳಿಗೆ ಸುಮಾರು ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಆಗ ಕಡಿಯುವುದು ಅವುಗಳ ಅಗತ್ಯ. ಚಪ್ಪಲಿಯನ್ನು ಎತ್ತರದಲ್ಲಿಡಿ, ಕಡಿಯಲು ಗಟ್ಟಿ ಆಟಿಕೆ ಕೊಡಿ. ಕಡಿಯುತ್ತಿರುವಾಗಲೇ ಸಿಕ್ಕಿಬಿದ್ದರೆ ‘ಬೇಡ’ ಎಂದು ಹೇಳಿ ಆಟಿಕೆಯನ್ನು ಬಾಯಿಗಿಡಿ. ಅದನ್ನು ಕಚ್ಚಿದ ಕೂಡಲೇ ಬೆನ್ನು ತಟ್ಟಿ.

ಬಂದವರ ಮೈಮೇಲೆ ಹಾರುವ ನಾಯಿಗೆ ಬೇಕಾದದ್ದು ಗಮನ. ಕೂಗಿದರೂ ತಳ್ಳಿದರೂ ಅದಕ್ಕೆ ಗಮನ ಸಿಕ್ಕಂತೆಯೇ. ಮಾತಾಡದೆ ಬೆನ್ನು ತಿರುಗಿಸಿ ನಿಂತು, ನಾಲ್ಕೂ ಕಾಲು ನೆಲಕ್ಕೂರಿದಾಗ ಮಾತ್ರ ಚಪಾತಿಯ ಚೂರನ್ನೋ ಬೇಯಿಸಿದ ಮೊಟ್ಟೆಯ ತುಣುಕನ್ನೋ ಕೊಡಬೇಕು. ಹಾರಿದರೆ ಏನೂ ಇಲ್ಲ, ಕುಳಿತರೆ ಎಲ್ಲವೂ ಉಂಟು. ನಾಯಿಗೆ ಅರ್ಥವಾಗುವ ಶಿಕ್ಷೆ ಇಷ್ಟೇ. ಮನೆಯೊಳಗೆ ಉಚ್ಚೆ ಹೊಯ್ದದ್ದಕ್ಕೆ ಮೂಗು ತಿಕ್ಕಿಸುವ ಬದಲು, ನಿದ್ದೆಯಿಂದೆದ್ದ ಕೂಡಲೇ ಮತ್ತು ಊಟವಾದೊಡನೆ ಹೊರಗೆ ಕರೆದೊಯ್ದು, ಅಲ್ಲೇ ಮಾಡಿದಾಗ ಹೊಗಳುವುದು ಜಾಣತನ.

ಎಲ್ಲಕ್ಕಿಂತ ಮುಖ್ಯ, ಮನೆಮಂದಿಯ ಒಂದೇ ಮಾತು. ಅಪ್ಪ ‘ಸಿಟ್’ ಎನ್ನುತ್ತಾರೆ, ಅಜ್ಜಿ ‘ಕೂತ್ಕೋ’ ಎನ್ನುತ್ತಾರೆ; ಒಬ್ಬರು ಸೋಫಾ ಹತ್ತಿಸುತ್ತಾರೆ, ಇನ್ನೊಬ್ಬರು ಹತ್ತಿದ್ದಕ್ಕೆ ಬಾರಿಸುತ್ತಾರೆ. ಇಂಥ ಮನೆಯಲ್ಲಿ ತಿದ್ದಿಕೊಳ್ಳಬೇಕಾದವರು ಯಾರು?

ಕಾನೂನು ಕೂಡ ಇದೇ ದಾರಿ ಹಿಡಿದಿದೆ. ಪ್ರಾಣಿಯನ್ನು ಹೊಡೆದು ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಬೆತ್ತವಿಲ್ಲದೆ ವಿದ್ಯೆ ಬಾರದೆಂದು ನಂಬಿ ಬೆಳೆದ ತಲೆಮಾರಿಗೆ ಇದು ಸುಲಭದ ಮಾತಲ್ಲ. ಆದರೂ ಹೆದರಿ ಸುಮ್ಮನಾಗುವುದು ಬೇರೆ, ಕಲಿಯುವುದು ಬೇರೆ ಎಂಬುದನ್ನು ಮೂಲೆಯಲ್ಲಿ ಮುದುರಿ ಕುಳಿತ ಆ ಮರಿ ತೋರಿಸಿಕೊಡುತ್ತದೆ.

ನಾಳೆ ಸಂಜೆ ಯಜಮಾನರು ಬಂದಾಗ ಅದು ಮೂಲೆಗೆ ಓಡುವುದೋ, ಬಾಲ ಅಲ್ಲಾಡಿಸುತ್ತ ಬಾಗಿಲಿಗೆ ಬರುವುದೋ? ಅದು ನಿರ್ಧಾರವಾಗುವುದು ಇಂದು ಆ ಪತ್ರಿಕೆಯನ್ನು ಏನು ಮಾಡುತ್ತಾರೆ ಎಂಬುದರ ಮೇಲೆ. ಸುರುಳಿ ಬಿಚ್ಚಿ ಓದಿಕೊಂಡರೆ ಎಲ್ಲರಿಗೂ ಕ್ಷೇಮ.