ನೋವು ನಿಜ, ಭಯವೂ ನಿಜ

ಎದೆನೋವೆಂದು ಮನೆಯವರೊಬ್ಬರು ವೈದ್ಯರಲ್ಲಿಗೆ ಹೋಗುವರು. ಪರೀಕ್ಷೆಯಲ್ಲಿ ಯಾವ ದೋಷವೂ ಕಾಣದು. ಒಡನೆ "ಎಲ್ಲವೂ ಬರಿಯ ಭ್ರಮೆ" ಎಂಬ ಮಾತು ಹೊರಡುವುದು. ಈ ಮಾತು ನಿಷ್ಠುರವಷ್ಟೇ ಅಲ್ಲ, ಶಾಸ್ತ್ರಕ್ಕೂ ವಿರುದ್ಧವಾದುದು. ಭಯವುಂಟಾದಾಗ ಎದೆ ಬಡಿದುಕೊಳ್ಳುವುದೂ ಹೊಟ್ಟೆ ಕಲಕುವುದೂ ನಟನೆಯಲ್ಲ. ಆ ಬಡಿತವನ್ನೇ ಹಗಲಿರುಳು ಗಮನಿಸುತ್ತಿದ್ದರೆ ಅದು ಇನ್ನಷ್ಟು ಬಲವಾಗಿ ತೋರುವುದು. ತೋರಿದಷ್ಟೂ ಭಯ ಬೆಳೆಯುವುದು.

ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ರೋಗನಿರ್ಣಯ ಗ್ರಂಥದಲ್ಲಿ 'ಹೈಪೊಕಾಂಡ್ರಿಯಾಸಿಸ್' ಎಂಬ ಹಳೆಯ ಹೆಸರನ್ನು ಕೈಬಿಟ್ಟು ಎರಡು ವ್ಯಾಧಿಗಳನ್ನು ಹೇಳಿತು. ದೇಹದಲ್ಲಿ ಬಾಧೆಯಿದ್ದು ಅದರ ಚಿಂತೆಯೇ ಬಾಳನ್ನು ನುಂಗುವುದು ಒಂದು; ಬಾಧೆ ಅಲ್ಪವಾಗಿದ್ದರೂ, ಇಲ್ಲದಿದ್ದರೂ, ದೊಡ್ಡ ರೋಗ ಬಂದಿತೆಂಬ ಭಯವೇ ಪ್ರಧಾನವಾಗಿರುವುದು ಇನ್ನೊಂದು. ಹೃದ್ರೋಗವೋ ಮಧುಮೇಹವೋ ನಿಜವಾಗಿ ಉಳ್ಳವರಿಗೂ ಮೊದಲನೆಯದು ಬರಬಹುದು.

ನಗೆಯಾಡುವವರಿಗೆ ಒಂದು ಸಂಗತಿ. ಫ್ರಾನ್ಸಿನ ಮೋಲಿಯೇರನು 1673ರಲ್ಲಿ ರೋಗಭ್ರಮೆಯುಳ್ಳವನೊಬ್ಬನ ಪ್ರಹಸನ ಬರೆದು ತಾನೇ ಆ ಪಾತ್ರ ವಹಿಸಿದನು. ನಾಲ್ಕನೆಯ ಪ್ರಯೋಗದಲ್ಲಿ ರಂಗದ ಮೇಲೆಯೇ ಅಸ್ವಸ್ಥನಾಗಿ ಅದೇ ರಾತ್ರಿ ತೀರಿಕೊಂಡನು!

ಆದುದರಿಂದ ಹೊಸ ಲಕ್ಷಣ ಕಂಡರೆ ಪರೀಕ್ಷೆಯನ್ನು ತಪ್ಪಿಸತಕ್ಕದ್ದಲ್ಲ. ಆದರೆ ವೈದ್ಯರನ್ನು ಬದಲಿಸುತ್ತ ಹೋಗುವುದು, ಮೊಬೈಲಿನಲ್ಲಿ ರೋಗಗಳನ್ನು ಹುಡುಕುವುದು, ದಿನಕ್ಕೆ ಹತ್ತು ಸಲ "ಏನೂ ಇಲ್ಲ" ಎನ್ನಿಸಿಕೊಳ್ಳುವುದು, ಇವುಗಳಿಂದ ದೊರೆಯುವ ಸಮಾಧಾನ ಗಳಿಗೆಯದು. ನಂಬಿಕೆಯ ಒಬ್ಬರೇ ವೈದ್ಯರನ್ನು ಗೊತ್ತಾದ ದಿನಗಳಲ್ಲಿ ಕಾಣುವುದು ಲೇಸು. ಯೋಚನೆಯ ಜಾಡನ್ನೂ ನಡವಳಿಕೆಯನ್ನೂ ತಿದ್ದುವ ಮಾತಿನ ಚಿಕಿತ್ಸೆ ಅನೇಕರಿಗೆ ಗುಣ ಕೊಟ್ಟಿದೆ. ಸಮೀಪದಲ್ಲಿ ಮನೋವೈದ್ಯರಿಲ್ಲದವರು, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.