ಲಿವರ್‌ನೊಳಗಿನ ಕಬ್ಬಿಣದ ಕಣಜ

(ದೃಶ್ಯ: ಬಿದರಿ ಹೂಜಿ)
ಬಸವಕಲ್ಯಾಣದವರಿರಲಿ, ಹುಮನಾಬಾದಿನವರಿರಲಿ, ನಮ್ಮ ಜಿಲ್ಲೆಯ ಹೆಮ್ಮೆ ಬಿದರಿ. ಅದರಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಇದೇ ಲೋಹಗಳು ನಿಮ್ಮ ಲಿವರ್‌ನಲ್ಲೂ ಇವೆ, ಜೊತೆಗೆ ಕಬ್ಬಿಣ!

(ದೃಶ್ಯ: ಪೊಳ್ಳು ಗುಂಡಿನ ಚಿತ್ರ)
ಕಬ್ಬಿಣ ಬಿಡಿಯಾಗಿ ಅಲೆದರೆ ಜೀವಕೋಶಕ್ಕೇ ಪೆಟ್ಟು. ಅದನ್ನು ಕೂಡಿಡುವ ಕಣಜವೇ ಫೆರಿಟಿನ್ ಪ್ರೋಟೀನ್. 24 ತುಣುಕು ಸೇರಿದ ಪೊಳ್ಳು ಗುಂಡು. ಒಳಗೆ ಸುಮಾರು 4,500 ಕಬ್ಬಿಣದ ಪರಮಾಣು ಹಿಡಿಸುತ್ತವೆ. ಸತುವನ್ನು ಹಿಡಿಯೋದು ಮೆಟಲೋಥಯೋನಿನ್, ಒಂದೊಂದಕ್ಕೆ ಏಳರಂತೆ.

(ದೃಶ್ಯ: ವೈರಸ್)
ಈಗ ಹೆಪಟೈಟಿಸ್ ಸಿ ವೈರಸ್ ನುಗ್ಗಿತು ಅನ್ನಿ. ಅದರ ಎನ್‌ಎಸ್5ಎ ಎಂಬ ಪ್ರೋಟೀನಿಗೂ ಸತು ಬೇಕು. ಇತ್ತ ಕಬ್ಬಿಣಕ್ಕೆ ಲಗಾಮು ಹಾಕುವ ಹೆಪ್ಸಿಡಿನ್ ಹಾರ್ಮೋನು ಕುಗ್ಗುತ್ತದೆ. ಕರುಳು ಹೆಚ್ಚು ಕಬ್ಬಿಣ ಹೀರುತ್ತದೆ, ಲಿವರ್‌ನಲ್ಲಿ ಅದು ಜಮೆಯಾಗಿ ಗಾಯ ಇನ್ನಷ್ಟು ಕೆದರುತ್ತದೆ.

(ದೃಶ್ಯ: ರಕ್ತ ಪರೀಕ್ಷೆಯ ಚೀಟಿ)
ರಿಪೋರ್ಟಿನಲ್ಲಿ ಫೆರಿಟಿನ್ ಏರಿದೆಯಾ? ಕಬ್ಬಿಣ ಹೆಚ್ಚಾಗಿದೆ ಅಂತ ತಕ್ಷಣ ತೀರ್ಮಾನಿಸಬೇಡ್ರಿ. ಲಿವರ್‌ಗೆ ಉರಿಯೂತ ಬಂದರೂ ಅದು ಏರುತ್ತದೆ. ಕಬ್ಬಿಣದ ಗುಳಿಗೆ ಶುರು ಮಾಡೋದೂ ಬಿಡೋದೂ ಡಾಕ್ಟರರನ್ನು ಕೇಳಿಯೇ.

(ದೃಶ್ಯ: ಸರ್ಕಾರಿ ಆಸ್ಪತ್ರೆ)
ಸಮಾಧಾನದ ಮಾತೂ ಇದೆ. ಹೆಪಟೈಟಿಸ್ ಸಿ ಇಂದು ಗುಳಿಗೆಯಿಂದಲೇ ಗುಣವಾಗುತ್ತದೆ, ಶೇ. 95ಕ್ಕಿಂತ ಹೆಚ್ಚು ಮಂದಿಗೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಹೆಪಟೈಟಿಸ್ ಬಿಗೆ ಲಸಿಕೆಯೇ ಇದೆ: ಹುಟ್ಟಿದ 24 ತಾಸಿನೊಳಗೆ ಕೂಸಿಗೆ ಮೊದಲ ಡೋಸ್.

ಕಾಮಣಿ ಅಂತ ಅಸಡ್ಡೆ ಬೇಡ. ಒಮ್ಮೆ ರಕ್ತ ಪರೀಕ್ಷೆ ಮಾಡಿಸ್ರಿ!