ಹಿಮಭೂಮಿಯ ಕೈಗಡಿಯಾರ

ಮಾಗಿಯ ಮುಂಜಾನೆ ಕೊಬ್ಬರಿ ಎಣ್ಣೆಯ ಶೀಸೆಯನ್ನು ಬಗ್ಗಿಸಿದರೆ ಒಂದು ತೊಟ್ಟೂ ಇಳಿಯದು. ಎಣ್ಣೆ ಗಟ್ಟಿಯಾಗಿ ಕುಳಿತಿರುತ್ತದೆ. ಶೀಸೆಯನ್ನು ಎಳೆಬಿಸಿಲಿನಲ್ಲಿಯೋ ಒಲೆಯ ಪಕ್ಕದಲ್ಲಿಯೋ ಇಟ್ಟು ಕಾಯುತ್ತೇವೆ. ನಮಗೆ ಇದು ಐದು ನಿಮಿಷದ ಕಿರಿಕಿರಿ. ಆದರೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಹಿಮದ ಮೇಲೆ ನಡೆಯುವವನ ಗಡಿಯಾರದೊಳಗೆ ಇದೇ ಸಂಗತಿ ನಡೆದರೆ ಅದು ಪ್ರಾಣಕ್ಕೇ ಸಂಚಕಾರವಾಗುತ್ತಿದ್ದ ಕಾಲವೊಂದಿತ್ತು. ಧ್ರುವಸಂಚಾರಕ್ಕೆಂದು ರೂಪಿಸಿದ ಯಾಂತ್ರಿಕ ಕೈಗಡಿಯಾರಗಳು ಇಂದು ಲಕ್ಷಗಟ್ಟಲೆ ರೂಪಾಯಿ ಬೆಲೆಬಾಳುವ ವಿಲಾಸವಸ್ತುಗಳು. ಆ ಬೆಲೆಯ ಹಿಂದಿರುವ ವಿದ್ಯೆ ಯಾವುದು, ಆ ವಿದ್ಯೆಯ ಮಿತಿ ಎಲ್ಲಿಯವರೆಗೆ ಎಂಬುದನ್ನು ಈ ಹೊತ್ತು ನೋಡೋಣ.

ಗಡಿಯಾರಕ್ಕೂ ಪ್ರಾಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಭೂಮಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ತಾನಿರುವ ಎಡೆಯ ಹೊತ್ತನ್ನು ನಾವಿಕನು ಸೂರ್ಯನನ್ನು ನೋಡಿ ಗಣಿಸಬಲ್ಲನು. ಅದೇ ಗಳಿಗೆಯಲ್ಲಿ ಗ್ರೀನಿಚ್ಚಿನಲ್ಲಿ ಎಷ್ಟು ಹೊತ್ತಾಗಿದೆ ಎಂಬುದನ್ನು ಗಡಿಯಾರ ಹೇಳಬೇಕು. ಎರಡರ ಅಂತರದಿಂದ ರೇಖಾಂಶ ತಿಳಿಯುತ್ತದೆ. ಗಡಿಯಾರ ತಪ್ಪಿತೆಂದರೆ ದಾರಿಯೂ ತಪ್ಪಿತೆಂದೇ ಅರ್ಥ.

1916ರ ಏಪ್ರಿಲ್ 24ರಂದು ಅರ್ನೆಸ್ಟ್ ಶ್ಯಾಕಲ್‌ಟನ್ ಐವರು ಸಂಗಡಿಗರೊಡನೆ ಒಂದು ಚಿಕ್ಕ ದೋಣಿಯಲ್ಲಿ ಎಲಿಫೆಂಟ್ ದ್ವೀಪದಿಂದ ಹೊರಟನು. ಅವರ ಹಡಗು ‘ಎಂಡ್ಯೂರೆನ್ಸ್’ ಹಿಂದಿನ ವರ್ಷವೇ ಅಂಟಾರ್ಕ್ಟಿಕದ ಮಂಜಿನ ಹಿಡಿತಕ್ಕೆ ಸಿಕ್ಕಿ ನುಚ್ಚುನೂರಾಗಿ ಮುಳುಗಿತ್ತು. ಇಪ್ಪತ್ತೆರಡು ಮಂದಿ ದ್ವೀಪದಲ್ಲಿ ಕಾದಿದ್ದರು. ಸುಮಾರು 800 ಮೈಲಿಗಳಾಚೆ ದಕ್ಷಿಣ ಜಾರ್ಜಿಯಾ ದ್ವೀಪವಿತ್ತು. ಹಡಗಿನಲ್ಲಿ ತಂದಿದ್ದ ಇಪ್ಪತ್ತನಾಲ್ಕು ಕ್ರೋನೋಮೀಟರುಗಳಲ್ಲಿ ಸರಿಯಾಗಿ ನಡೆಯುತ್ತ ಉಳಿದದ್ದು ಒಂದೇ ಒಂದು. ದೋಣಿಯ ದಾರಿ ನೋಡುತ್ತಿದ್ದ ಫ್ರ್ಯಾಂಕ್ ವರ್ಸ್‌ಲಿಗೆ ಆ ಯಾನದಲ್ಲಿ ಸೂರ್ಯನನ್ನು ಅಳೆಯಲು ದೊರೆತ ಅವಕಾಶ ನಾಲ್ಕೇ ಬಾರಿ. ಆ ಅಕ್ಷಾಂಶದಲ್ಲಿ ಗಡಿಯಾರದ ಒಂದು ನಿಮಿಷದ ತಪ್ಪು ನೀರಿನ ಮೇಲೆ ಸುಮಾರು ಒಂಬತ್ತು ನಾವಿಕ ಮೈಲಿಯ ತಪ್ಪು. ದ್ವೀಪವನ್ನು ಒಮ್ಮೆ ದಾಟಿ ಮುಂದೆ ಹೋದರೆ ಪಡುವಣ ಗಾಳಿಗೆ ಇದಿರಾಗಿ ಹಿಂದಿರುಗುವ ಮಾತೇ ಇರಲಿಲ್ಲ. ಮೇ 10ರಂದು ಅವರು ದಡ ಮುಟ್ಟಿದರು. ಆಗಸ್ಟ್ 30ರಂದು ಆ ಇಪ್ಪತ್ತೆರಡು ಮಂದಿಯೂ ಜೀವಂತವಾಗಿ ಪಾರಾದರು.

ಇಂಥ ಗಡಿಯಾರಕ್ಕೆ ಚಳಿ ಎರಡು ಬಗೆಯ ಕೇಡನ್ನುಂಟುಮಾಡುತ್ತದೆ. ಗಡಿಯಾರದ ಹೃದಯವೆಂದರೆ ಹಿಂದುಮುಂದಾಗಿ ತೂಗಾಡುವ ಒಂದು ಪುಟ್ಟ ಚಕ್ರ. ಅದನ್ನು ತೂಗಿಸುವುದು ಕೂದಲೆಳೆಯಷ್ಟು ತೆಳುವಾದ ಒಂದು ಸುರುಳಿ. ಸುರುಳಿ ಬರಿಯ ಉಕ್ಕಿನದಾಗಿದ್ದರೆ, ಚಳಿಯಲ್ಲಿ ಅದು ಬಿರುಸಾಗಿ ಗಡಿಯಾರ ಮುಂದೋಡುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ದಿನಕ್ಕೆ ಸುಮಾರು ಹತ್ತು ಸೆಕೆಂಡು. ನಲವತ್ತು ಡಿಗ್ರಿ ಇಳಿದರೆ ಆರು ನಿಮಿಷಕ್ಕೂ ಹೆಚ್ಚು! ಹಿತ್ತಾಳೆ ಮತ್ತು ಉಕ್ಕನ್ನು ಬೆಸೆದು ಮಾಡಿದ ಚಕ್ರಗಳಿಂದ ಹಿಂದಿನ ಕುಶಲಿಗಳು ಈ ದೋಷವನ್ನು ಬಹುಮಟ್ಟಿಗೆ ತಿದ್ದಿದ್ದರು. ಆದರೆ ರೋಗದ ಬೇರಿಗೇ ಮದ್ದು ಹುಡುಕಿದವನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಶಾರ್ಲ್ ಎದುವಾರ್ ಗಿಯೋಮ್. ಶಾಖಕ್ಕೆ ಹೆಚ್ಚು ಹಿಗ್ಗದ ‘ಇನ್ವಾರ್’, ಬಿಗಿ ಬದಲಾಗದ ‘ಎಲಿನ್ವಾರ್’ ಎಂಬ ನಿಕ್ಕಲ್-ಕಬ್ಬಿಣದ ಮಿಶ್ರಲೋಹಗಳು ಅವನವು. 1920ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು.

ಎರಡನೆಯ ಶತ್ರು ಎಣ್ಣೆ. ಚಕ್ರಗಳ ಅಚ್ಚಿನ ತುದಿ ಮಾಣಿಕ್ಯದ ಕುಳಿಯಲ್ಲಿ ತಿರುಗುವಲ್ಲಿ ಸೂಜಿಮೊನೆಯಷ್ಟು ಎಣ್ಣೆ ಬೇಕು. ಡಾಲ್ಫಿನ್ ಜಾತಿಯ ಕಡಲಪ್ರಾಣಿಗಳ ದವಡೆಯಿಂದ ತೆಗೆದ ಎಣ್ಣೆಯನ್ನು ಬಹುಕಾಲ ಬಳಸುತ್ತಿದ್ದರು. ಅದನ್ನು ಚಳಿಗೊಡ್ಡಿ, ಹೆಪ್ಪುಗಟ್ಟಿದ ಭಾಗವನ್ನು ಸೋಸಿ, ಉಳಿದುದನ್ನು ಮಾತ್ರ ಗಡಿಯಾರಕ್ಕೆ ಹಾಕುವರು. ಇಪ್ಪತ್ತನೆಯ ಶತಮಾನದ ಕೃತಕ ತೈಲಗಳು ಇದಕ್ಕಿಂತ ಉತ್ತಮವಾದವು. ಎಣ್ಣೆಯೇ ಬೇಡದ ಸಿಲಿಕಾನ್ ಭಾಗಗಳೂ ಈಚೆಗೆ ಬಂದಿವೆ. ಆದರೂ ಕಡುಚಳಿಯಲ್ಲಿ ತೈಲ ಮಂದವಾಗುವುದು ತಪ್ಪಿಲ್ಲ. ತೈಲ ಮಂದವಾದರೆ ಚಕ್ರದ ತೂಗಾಟ ಕುಗ್ಗುತ್ತದೆ. ಕೊನೆಗೆ ಗಡಿಯಾರ ನಿಂತೇಹೋಗಬಹುದು.

1952ರಿಂದ 1954ರವರೆಗೆ ನಡೆದ ಬ್ರಿಟಿಷ್ ಉತ್ತರ ಗ್ರೀನ್‌ಲ್ಯಾಂಡ್ ಯಾತ್ರೆಯಲ್ಲಿ ಇಪ್ಪತ್ತಾರು ಟ್ಯೂಡರ್ ಕೈಗಡಿಯಾರಗಳಿಗೆ ಪರೀಕ್ಷೆಯ ಕಾಲ ಒದಗಿತು. ಅವು ಕೈಯ ಅಲುಗಾಟದಿಂದ ತಾವೇ ಕೀಲಿ ಕೊಟ್ಟುಕೊಳ್ಳುವಂಥವು. ಕೊರೆಯುವ ಚಳಿಯಲ್ಲಿ ಕೈಚೀಲ ಕಳಚಿ ಬರಿಬೆರಳಿನಿಂದ ಕೀಲಿ ತಿರುಗಿಸಬೇಕಾಗಿಲ್ಲ ಎಂಬುದು ಅಲ್ಲಿ ಸಣ್ಣ ಅನುಕೂಲವಲ್ಲ. ಯಾತ್ರಿಕರು ತಮ್ಮ ಗಡಿಯಾರಗಳನ್ನು ಬಿ.ಬಿ.ಸಿ.ಯ ಸಮಯಸಂಕೇತದೊಡನೆ ತಾಳೆ ನೋಡುತ್ತಿದ್ದರು. ಆಕಾಶವಾಣಿಯ ‘ಪೀಪ್’ ಸದ್ದಿಗೆ ಗಡಿಯಾರ ಸರಿಪಡಿಸಿಕೊಳ್ಳುವ ನಮಗೂ ಅವರಿಗೂ ಇಷ್ಟರಮಟ್ಟಿಗೆ ನಂಟಿದೆ!

ಧ್ರುವದಲ್ಲಿ ಇನ್ನೊಂದು ವಿಚಿತ್ರವುಂಟು. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಮುಳ್ಳು ಹತ್ತನ್ನು ತೋರಿದರೆ ಅದು ಬೆಳಗಿನ ಹತ್ತೋ ರಾತ್ರಿಯ ಹತ್ತೋ? 1971ರಲ್ಲಿ ಬಂದ ರೋಲೆಕ್ಸ್ ‘ಎಕ್ಸ್‌ಪ್ಲೋರರ್ ಎರಡು’ ಗಡಿಯಾರಕ್ಕೆ, ದಿನಕ್ಕೊಮ್ಮೆ ಮಾತ್ರ ಸುತ್ತುವ ಕಿತ್ತಳೆ ಬಣ್ಣದ ಇನ್ನೊಂದು ಮುಳ್ಳನ್ನು ಇಟ್ಟದ್ದು ಇದಕ್ಕಾಗಿಯೇ.

ಈಗ ಬೆಲೆಯ ಮಾತು. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೋನೋಮೀಟರ್ ಪರೀಕ್ಷೆ ಹದಿನೈದು ದಿನ ನಡೆಯುತ್ತದೆ. ನಿತ್ಯದ ಸರಾಸರಿ ತಪ್ಪು ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ, ಇಷ್ಟರೊಳಗಿರಬೇಕು. ಆದರೆ ಆ ಪರೀಕ್ಷೆಯ ಅತಿ ತಂಪಾದ ಉಷ್ಣಾಂಶ ಎಷ್ಟು ಬಲ್ಲಿರಾ? ಎಂಟು ಡಿಗ್ರಿ ಸೆಲ್ಸಿಯಸ್! ನಲವತ್ತು ಡಿಗ್ರಿ ಕೆಳಗಿನ ಚಳಿಯ ವಿಷಯದಲ್ಲಿ ಆ ಪ್ರಮಾಣಪತ್ರ ಮೌನವಾಗಿದೆ. ಹಾಗಿದ್ದೂ ಗಡಿಯಾರ ಹಿಮದಲ್ಲಿ ನಡೆಯುತ್ತದೆ; ಏಕೆಂದರೆ ಅದು ಇರುವುದು ಹಿಮದಲ್ಲಲ್ಲ, ತೋಳಿನ ಒಳಗೆ, ಬೆಚ್ಚನೆಯ ಮಣಿಕಟ್ಟಿನ ಮೇಲೆ. ಬಿಚ್ಚಿ ಗುಡಾರದ ಹೊರಗಿಟ್ಟರೆ ಆ ಲಕ್ಷಗಳ ಬೆಲೆ ಅದನ್ನು ಕಾಯಲಾರದು. ಇಂದು ಉಪಗ್ರಹಗಳು ದಾರಿ ಹೇಳುತ್ತವೆ. ಆದರೆ ಅವುಗಳ ಮಾತನ್ನು ಕೇಳಿಸುವ ಉಪಕರಣದ ಬ್ಯಾಟರಿ ಚಳಿಗೆ ಸೊರಗುತ್ತದೆ. ಯಾಂತ್ರಿಕ ಗಡಿಯಾರಕ್ಕೆ ಬ್ಯಾಟರಿಯ ಹಂಗಿಲ್ಲ; ಮನುಷ್ಯನ ಮೈಬಿಸಿಯ ಹಂಗು ಮಾತ್ರ ಇದ್ದೇ ಇದೆ.

ದಡ ಮುಟ್ಟಿದ ಮೇಲೆ ವರ್ಸ್‌ಲಿ, ಶ್ಯಾಕಲ್‌ಟನ್ ಮತ್ತು ಟಾಮ್ ಕ್ರೀನ್ ದಕ್ಷಿಣ ಜಾರ್ಜಿಯಾದ ಹಿಮಪರ್ವತಗಳನ್ನು ಕಾಲ್ನಡಿಗೆಯಲ್ಲಿ ದಾಟಿದರು. ಆಗ ವರ್ಸ್‌ಲಿ ಆ ಒಂದು ಗಡಿಯಾರವನ್ನು ದೀಪದ ಬತ್ತಿಯ ದಾರದಲ್ಲಿ ಕೊರಳಿಗೆ ಕಟ್ಟಿ, ಬೆಚ್ಚಗಿರಲೆಂದು ಉಣ್ಣೆಯಂಗಿಯೊಳಗೆ ಇಳಿಬಿಟ್ಟುಕೊಂಡಿದ್ದನು. ಗಡಿಯಾರ ಇಪ್ಪತ್ತೆಂಟು ಮಂದಿಯ ಜೀವ ಉಳಿಸಿತೆಂದು ನಾವು ಹೇಳುತ್ತೇವೆ, ಅದು ನಿಜ. ಆದರೆ ಚಳಿಯಲ್ಲಿ ನಡುಗುತ್ತಿದ್ದ ಒಬ್ಬ ಮನುಷ್ಯ ತನ್ನ ಮೈಯ ಬಿಸಿಯನ್ನು ಆ ಗಡಿಯಾರಕ್ಕೂ ಹಂಚಿದ್ದನೆಂಬುದನ್ನು ನಾವು ಮರೆಯಬಾರದು.